ಭಾವನ ಗಿಟಾರಿನ ಬಿಡಿಭಾಗಗಳು

ಮಾರ್ಚ್ 4, ಮಂಗಳವಾರ

ನಮ್ಮ ಲಿಫ್ಟ್ ಕಂಪನಿಯವರು ಮರೆಯದೆ ಕೊಡುವುದು ಅಂದರೆ ಈ ಡೈರಿ ಒಂದೇ. ಇಷ್ಟು ವರ್ಷ ಅದು ಹಳೇ ಪೇಪರಿನ ಕಟ್ಟಿಗೆ ಸೇರುತ್ತಿತ್ತು. ಈ ಸಲ ಬರೆಯುವುದಕ್ಕೆ ಕಾರಣ ಸಿಕ್ಕಿದೆ. ಅಕ್ಕ ಇವತ್ತು ಭಾವನ ಬೇಸ್ ಗಿಟಾರನ್ನು ಪೆಟ್ಟಿಗೆಯ ಸಮೇತ ತಂದು ನನ್ನ ಮನೆಯಲ್ಲಿಟ್ಟು ಹೋದಳು. ಅದಕ್ಕೆ ಯಾವತ್ತು ಏನು ಮಾಡಿದೆ ಅಂತ ಲೆಕ್ಕ ಇರಲಿ. ನಾಳೆ ಭಾವ ಕೇಳುವವರೇ.

ಭಾವನಿಗೆ ಪಾರ್ಶ್ವವಾಯು ಬಡಿದು ಆರು ವಾರ. ಕಾಲು ಬಂತು, ಕೋಲು ಹಿಡಿದು ನಡೆಯುತ್ತಾರೆ. ಎಡಗಣ್ಣು ಮಂಜು. ಎಡಗೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತದೆ. ಬೇಸ್ ನುಡಿಸುವವನಿಗೆ ತಂತಿ ಒತ್ತುವುದು ಆ ಕೈಯೇ.

"ಕೈ ಬರುತ್ತೆ ಅಂತ ಡಾಕ್ಟ್ರು ಹೇಳಿದಾರೆ. ಬಿಡದೆ ವ್ಯಾಯಾಮ ಮಾಡಿಸ್ಬೇಕಂತೆ. ಬರೋ ದಿನಕ್ಕೆ ಇದು ರೆಡಿ ಇರ್ಬೇಕು ನೋಡು," ಅಂದಳು ಅಕ್ಕ. "ಮನೇಲಿದ್ರೆ ದಿನಾ ಇದನ್ನೇ ನೋಡ್ಕೊಂಡು ಕೂತಿರ್ತಾರೆ. ನನ್ನ ಕೈಲಿ ಅದು ನೋಡೋಕಾಗಲ್ಲ. ನಿನ್ನ ಹತ್ರ ಇರ್ಲಿ."

ಸರಿ ಅಂದೆ. ತೆಗೆದು ನೋಡಿದರೆ ಮಾಡುವುದಕ್ಕೆ ಏನಿದೆ? ತಂತಿಗಳ ಕೆಳಗೆ ಕೈ ಓಡಾಡುವ ಉದ್ದನೆಯ ಮರ, ಅಂದರೆ ನೆಕ್ಕು, ಸ್ಕೇಲು ಇಟ್ಟ ಹಾಗೆ ನೇರ. ಅದರ ಮೇಲೆ ಅಡ್ಡಕ್ಕಿರುವ ಲೋಹದ ಗೆರೆಗಳಲ್ಲಿ ಹನ್ನೆರಡನೆಯದರ, ಅಂದರೆ ಹನ್ನೆರಡನೇ ಫ್ರೆಟ್ಟಿನ, ಮೇಲೆ ತಂತಿಯ ಎತ್ತರ ಸರಿಯಾಗಿ ಎರಡು ಮಿಲಿಮೀಟರ್. ಬೆರಳಿಟ್ಟರೆ ಸಾಕು, ಸ್ವರ ತಾನಾಗಿ ಬರುತ್ತದೆ. ಒರೆಸಿ, ತಂತಿ ಸ್ವಲ್ಪ ಸಡಿಲಿಸಿ ಇಟ್ಟೆ.

ನನ್ನದೂ ಅದೇ ಕಾರ್ಖಾನೆಯದು, ಅದೇ ವರ್ಷದ್ದು. ಭಾವನದು ಕಂದು, ನನ್ನದು ಕಪ್ಪು, ಅಷ್ಟೇ ವ್ಯತ್ಯಾಸ. ಇಪ್ಪತ್ತೆರಡು ವರ್ಷದ ಹಿಂದೆ ಅಂಗಡಿಯಲ್ಲಿ ಎರಡೇ ಉಳಿದಿದ್ದವು. ಭಾವ ಎರಡನ್ನೂ ಅರ್ಧ ಗಂಟೆ ನುಡಿಸಿ ನೋಡಿ ಒಳ್ಳೆಯದನ್ನು ತಾವಿಟ್ಟುಕೊಂಡು ಕಪ್ಪನ್ನು ನನಗೆ ಕೊಡಿಸಿದರು. ಕೊಡಿಸಿದ್ದು ದೊಡ್ಡ ಮನಸ್ಸು ಅಂತ ಮನೆಮಂದಿಯೆಲ್ಲ ಹೊಗಳಿದರು. ನನ್ನದರಲ್ಲಿ ಎತ್ತರ ಮೂರು ಮಿಲಿಮೀಟರಿಗಿಂತ ಕೆಳಗೆ ಇಳಿಯುವುದಿಲ್ಲ, ಇಳಿಸಿದರೆ ತಂತಿ ಗರ್ ಅನ್ನುತ್ತದೆ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಒತ್ತಿಕೊಂಡು ಬಂದಿದ್ದೇನೆ.

ಇನ್ನೊಂದು ವಿಷಯ. ನನ್ನ ಚಿಕ್ಕ ಸ್ಪ್ಯಾನರ್ ಸೆಟ್ಟನ್ನು ಪಕ್ಕದ ಸೈಟಿನ ಮೆಕ್ಯಾನಿಕ್ ತೆಗೆದುಕೊಂಡು ಹೋಗಿ ಹದಿನೈದು ದಿನ. ಕೇಳಿದರೆ ಹಲ್ಲು ಕಿರಿಯುತ್ತಾನೆ. ಬೇರೆಯವರ ಸಾಮಾನು ಅಂದರೆ ಈ ಜನಕ್ಕೆ ಏನೂ ಅನ್ನಿಸುವುದಿಲ್ಲವಲ್ಲ, ಮೈ ಉರಿಯುತ್ತದೆ.

ಮಾರ್ಚ್ 9, ಭಾನುವಾರ

ಭಾವ ನುಡಿಸುತ್ತಿದ್ದ ಗಾಯಕನ ಬ್ಯಾಂಡಿನಲ್ಲಿ ಈಗ ಅವರ ಜಾಗಕ್ಕೆ ನಾನು. "ನಿಮ್ಮ ಭಾವ ಬರೋವರ್ಗೂ" ಅಂತ ಅವನು ಮೂರು ಸಲ ಹೇಳಿದ, ನಾನೇನೋ ಕುರ್ಚಿಗೆ ಗೋಂದು ಹಚ್ಚಿಕೊಂಡು ಕೂರುವವನ ಹಾಗೆ. ಇಷ್ಟು ವರ್ಷ ಭಾವನಿಗೆ ಜ್ವರ ಬಂದ ದಿನ ಮಾತ್ರ ನನಗೆ ಫೋನು ಬರುತ್ತಿತ್ತು. ಅವರಿಗೆ ಜ್ವರ ಬರುವುದೂ ಅಪರೂಪ.

ಇವತ್ತಿನ ಅಭ್ಯಾಸದಲ್ಲಿ ನನ್ನ ದಪ್ಪ ತಂತಿಯ ಬಿರಡೆ ಜಾರಿತು. ಎರಡನೇ ಹಾಡಿಗೇ ಅರ್ಧ ಸ್ವರ ಕೆಳಗೆ. ಗಾಯಕ ತಿರುಗಿ ನೋಡಿದ. ಡ್ರಮ್ಮರ್ ತಲೆ ಎತ್ತಿ ಫ್ಯಾನು ನೋಡಿದ. ಮತ್ತೆ ಬಿಗಿದೆ, ಮತ್ತೆ ಜಾರಿತು. ಒಳಗಿನ ಹಲ್ಲಿನ ಚಕ್ರ ಸವೆದಿದೆ. ಬರುವ ಭಾನುವಾರ ಹೋಟೆಲಿನಲ್ಲಿ ಕಾರ್ಯಕ್ರಮ.

ಮಾರ್ಚ್ 12, ಬುಧವಾರ

ವಾದ್ಯಗಳ ಬಿಡಿಭಾಗ ಮಾರುವ ತಾತನ ಅಂಗಡಿಗೆ ಹೋಗಿದ್ದೆ. ಮೆಟ್ಟಿಲ ಕೆಳಗಿನ ಗೂಡು. ಒಬ್ಬ ನಿಂತರೆ ಇನ್ನೊಬ್ಬ ಹೊರಗೆ ಕಾಯಬೇಕು. ಗೋಡೆ ತುಂಬ ಡಬ್ಬ, ಯಾವ ಡಬ್ಬದ ಮೇಲೂ ಹೆಸರಿಲ್ಲ, ಎಲ್ಲ ತಾತನ ತಲೆಯಲ್ಲಿ. ನನ್ನ ಬಿರಡೆ ನೋಡಿ ನಕ್ಕ.

"ಈ ಕಾರ್ಖಾನೆ ಮುಚ್ಚಿ ಯಾವ ಕಾಲ ಆಯ್ತಪ್ಪ. ಇವರು ತೂತು ಕೊರೆದಿದ್ದೂ ಲೋಕಕ್ಕಿಲ್ಲದ ಅಳತೆಗೆ. ಈಗ ಬರೋದೆಲ್ಲ ಸಣ್ಣ ಕಾಂಡದ್ದು, ಲೊಡಲೊಡ ಅನ್ನುತ್ತೆ. ಒಬ್ರಿಗೆ ಬರೀತೀನಿ. ಆರು ವಾರ ಹಿಡೀಬೋದು."

ಆರು ವಾರ ಅಂತೆ. ಕಾರ್ಯಕ್ರಮಕ್ಕೆ ನಾಲ್ಕು ದಿನ.

ಮಾರ್ಚ್ 14, ಶುಕ್ರವಾರ

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಒಂದು ಕಟ್ಟಡದಲ್ಲಿ ಎರಡು ಲಿಫ್ಟ್ ಇದ್ದು ಒಂದು ಕೆಟ್ಟು ನಿಂತಿದ್ದರೆ, ಓಡುತ್ತಿರುವುದಕ್ಕೆ ಬೇಕಾದ ಭಾಗವನ್ನು ನಿಂತದ್ದರಿಂದ ಬಿಚ್ಚುತ್ತೇವೆ. ನಿಂತದ್ದು ಹೇಗೂ ನಿಂತಿದೆ, ಹತ್ತನೇ ಮಹಡಿಯ ಜನ ಮೆಟ್ಟಿಲು ಹತ್ತುವುದೇಕೆ? ಒಂದೇ ನಿಯಮ: ನಿಂತದ್ದಕ್ಕೆ ಚೀಟಿ ಕಟ್ಟಬೇಕು. ಯಾವ ಭಾಗ ಹೋಯಿತು, ಯಾವ ದಿನ, ಯಾರು ಬಿಚ್ಚಿದರು. ಹೊಸದು ಬಂದ ದಿನ ಅಲ್ಲಿಗೆ ಹಾಕಬೇಕು.

ಅದೇ ಪ್ರಕಾರ ಮಾಡಿದೆ. ಭಾವನ ಬೇಸಿನ ದಪ್ಪ ತಂತಿಯ ಬಿರಡೆ ನನ್ನದಕ್ಕೆ, ನನ್ನ ಸವೆದದ್ದು ಅದಕ್ಕೆ. ದಾರ ಹಾಕಿ ಚೀಟಿ ಕಟ್ಟಿದೆ: ಬಿರಡೆ ಒಂದು, ಮಾರ್ಚ್ 14, ಸಹಿ. ಅಕ್ಕನಿಗೆ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡೆ. ಅವಳಿಗೆ ಬಿರಡೆ ಅಂದರೆ ಏನು ಅಂತ ವಿವರಿಸುವಷ್ಟರಲ್ಲಿ ಹೊಸದೇ ಬಂದಿರುತ್ತದೆ ಅನ್ನಿಸಿ ಇಟ್ಟೆ.

ಮಾರ್ಚ್ 17, ಸೋಮವಾರ

ನಿನ್ನೆ ಜಾರಲಿಲ್ಲ.

ಮಾರ್ಚ್ 30, ಭಾನುವಾರ

ಭಾವನನ್ನು ನೋಡಿ ಬಂದೆ. ಕಿಟಕಿಯ ಪಕ್ಕ ಮೇಜು ಹಾಕಿ ಅದರ ಮೇಲೆ ರಬ್ಬರ್ ಚೆಂಡು, ಬಟ್ಟೆಗೆ ಹಾಕುವ ಕ್ಲಿಪ್ಪು, ಒಂದು ಲೋಟ ಬಟಾಣಿ. ದಿನಕ್ಕೆ ನಾಲ್ಕು ಸಲ ಚೆಂಡು ಅಮುಕುವುದು, ಬಟಾಣಿ ಹೆಕ್ಕುವುದು. ಚೆಂಡು ಅಮುಕಿದೆ ಅಂತ ಅವರಿಗೆ ಅನ್ನಿಸುತ್ತದೆ, ಚೆಂಡಿಗೆ ಅನ್ನಿಸಿದ ಹಾಗೆ ಕಾಣಲಿಲ್ಲ. ಆದರೂ ಎಣಿಸುತ್ತಾರೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

"ಏನೋ ಮೆಕ್ಯಾನಿಕ್ಕು, ನನ್ನವಳು ಹೇಗಿದಾಳೆ?" ಅಂದರು. ಬೇಸನ್ನು ಅವರು ಕರೆಯುವುದೇ ಹಾಗೆ, ಅಕ್ಕನ ಎದುರಿಗೇ.

"ಚೆನ್ನಾಗಿದೆ ಭಾವ."

"ಕಾರ್ಯಕ್ರಮ ಹೇಗಾಯ್ತು? ಡ್ರಮ್ಮಿಗಿಂತ ಮುಂದೆ ಓಡ್ಬೇಡ. ನೀನು ಓಡ್ತೀಯ. ಅಳತೆ ಸರಿ ಇರುತ್ತೆ ನಿಂದು, ಉಸಿರು ಇರಲ್ಲ."

ಆ ಅಯ್ಯೋ ಅಲ್ಲಿಗೇ ಮುಗಿಯಿತು. ಕೈ ಎತ್ತಲಾಗದೆ ಕೂತವರಿಗೂ ನನ್ನ ತಪ್ಪು ಎತ್ತಿ ಆಡುವುದಕ್ಕೆ ಏನೂ ಕಷ್ಟವಿಲ್ಲ. ಮೆಕ್ಯಾನಿಕ್ಕು ಅಂತ ಹೆಸರಿಟ್ಟವರೂ ಅವರೇ. ಬ್ಯಾಂಡಿನಲ್ಲಿ ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ಏಪ್ರಿಲ್ 17, ಗುರುವಾರ

ನನ್ನದರ ಪಿಕಪ್ ಸತ್ತಿತು. ತಂತಿಯ ಕೆಳಗೆ ಕೂತು ಅದರ ನಡುಕವನ್ನು ಸ್ಪೀಕರಿಗೆ ಮುಟ್ಟಿಸುವ ಸುರುಳಿ ಅದು. ಎರಡು ತಂತಿ ಕೇಳುತ್ತದೆ, ಎರಡು ಕೇಳುವುದಿಲ್ಲ. ತಾತನ ಹತ್ತಿರ ಬಿಚ್ಚಿಕೊಂಡು ಹೋದೆ. ಒಳಗೆ ತುಕ್ಕು, ತಾಮ್ರ ಕಡಿದಿದೆ ಅಂದ. ಸುತ್ತಿ ಕೊಡುತ್ತಾನಂತೆ, ಆದರೆ ಅಷ್ಟು ಸಣ್ಣ ತಾಮ್ರದ ಎಳೆ ಈಗ ಅವನಲ್ಲಿಲ್ಲವಂತೆ. ಈ ತಾತನ ಬಳಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು.

ನಾಡಿದ್ದು ಕಾರ್ಯಕ್ರಮ. ಭಾವನದರ ಪಿಕಪ್ ಬಿಚ್ಚಿ ಹಾಕಿದೆ. ಬೆಸುಗೆಗೆ ಹತ್ತು ನಿಮಿಷ. ಚೀಟಿ ಬರೆದೆ, ದಾರ ಸಿಗಲಿಲ್ಲ, ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದೆ.

ಎಂಥ ದನಿ ಅದು. ಕೋಣೆಯ ಕಿಟಕಿ ಅದುರಿತು. ಇಷ್ಟು ವರ್ಷ ನನ್ನ ಕೈಯಲ್ಲೇ ಏನೋ ಕೊರತೆ ಅಂದುಕೊಂಡಿದ್ದೆ.

ಏಪ್ರಿಲ್ 26, ಶನಿವಾರ

ತಾತ ಕರೆದು ಬಿರಡೆ ಬಂದಿದೆ ಅಂದ. ಹಳೇ ದಾಸ್ತಾನಿನದು, ಸರಿಯಾದ ಅಳತೆ, ಎಣ್ಣೆ ಕಾಗದದಲ್ಲಿ ಸುತ್ತಿಟ್ಟದ್ದು. ಹಾಕೋಣ ಅಂತ ಕೂತೆ. ನನ್ನದರಲ್ಲಿರುವುದು ಈಗ ಚೆನ್ನಾಗಿ ಕೂತುಬಿಟ್ಟಿದೆ, ಅದನ್ನು ಕದಲಿಸುವುದು ಬೇಡ. ಹೊಸದನ್ನೇ ಭಾವನದಕ್ಕೆ ಹಾಕಿದರೆ ಅವರಿಗೇ ಲಾಭ. ಆದರೆ ಅದನ್ನು ಈಗ ನುಡಿಸುವವರಾರು? ಕಾರ್ಯಕ್ರಮದ ಮಧ್ಯೆ ಮತ್ತೊಂದು ಕೈಕೊಟ್ಟರೆ ನನಗೇ ಬೇಕಾಗುತ್ತದೆ. ಸದ್ಯ ನನ್ನ ಚೀಲದಲ್ಲಿರಲಿ.

ಮೇ 11, ಭಾನುವಾರ

ಭಾವನ ತೋರುಬೆರಳು ಅಲ್ಲಾಡಿತು. ಅಕ್ಕ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು. ಒಳಗೆ ಹೋದರೆ ಭಾವ ಮೇಜಿನ ಮೇಲೆ ಬೆರಳು ಎತ್ತಿ ಇಳಿಸಿ ತೋರಿಸಿದರು. ಮುಖದಲ್ಲಿ ಎಂಥ ಗತ್ತು, ವೇದಿಕೆಯ ಮೇಲೂ ಅಷ್ಟಿರಲಿಲ್ಲ.

ಅಕ್ಕ ಕಾಫಿ ಮಾಡುವಾಗ ಹಳೆಯದೆಲ್ಲ ತೆಗೆದಳು. "ಅವತ್ತು ಅಂಗಡೀಲಿ ಚೆನ್ನಾಗಿರೋದು ಕಪ್ಪೇ ಅಂತಿದ್ರು ಇವ್ರು. ಹುಡುಗ ಕಲಿಯೋನು, ಅವನಿಗೆ ಒಳ್ಳೇದಿರ್ಲಿ ಅಂತ ನಿನಗೆ ಕೊಡಿಸಿದ್ರು. ಕಂದು ಬಣ್ಣದ್ದು ನೆಕ್ಕು ಡೊಂಕಿತ್ತಂತೆ. ಆರು ತಿಂಗಳು ಕೂತು ಉಜ್ಜಿ ಸರಿ ಮಾಡ್ಕೊಂಡ್ರು."

ಅಕ್ಕನಿಗೇನು ಗೊತ್ತು. ಗಂಡ ಹೇಳಿದ್ದೇ ಅವಳಿಗೆ ಪರಮ ಸತ್ಯ. ಒಳ್ಳೆಯದಾಗಿದ್ದರೆ ನನ್ನದು ಇಪ್ಪತ್ತೆರಡು ವರ್ಷ ಗರ್ ಅನ್ನುತ್ತಿರಲಿಲ್ಲ. ನಾನು ಅದನ್ನು ಬಿಸಿಲಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಬಿಟ್ಟದ್ದು ಒಂದೆರಡು ಸಲ ಇರಬಹುದು. ಎಲ್ಲರೂ ಬಿಡುತ್ತಾರೆ.

ಮೇ 24, ಶನಿವಾರ

ಇವತ್ತು ಮಾಡಿದ ದಡ್ಡತನವನ್ನು ಬರೆಯುವುದಕ್ಕೂ ನಾಚಿಕೆ.

ಮುಂದಿನ ತಿಂಗಳು ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ, ಅದಾದ ಮೇಲೆ ರೆಕಾರ್ಡಿಂಗ್ ಬೇರೆ. ನನ್ನದರ ನೆಕ್ಕು ಈಚೆಗೆ ಬಾಗಿ ತಂತಿ ಇನ್ನೂ ಮೇಲೆದ್ದಿದೆ. ನೆಕ್ಕಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ, ತುದಿಯ ನಟ್ಟು ತಿರುಗಿಸಿದರೆ ಮರ ನೇರವಾಗುತ್ತದೆ. ಒಂದು ದಿನಕ್ಕೆ ಕಾಲು ಸುತ್ತು. ಮರಕ್ಕೆ ಸುಧಾರಿಸಿಕೊಳ್ಳಲು ಒಂದು ರಾತ್ರಿ. ಮತ್ತೆ ಕಾಲು ಸುತ್ತು. ಇದು ನನಗೆ ಭಾವ ಕಲಿಸಿದ ಮೊದಲ ಪಾಠ.

ನಾನು ಲಿಫ್ಟಿನ ಉದ್ದ ಹಿಡಿಯ ಕೀ ಹಾಕಿ ಒಂದೇ ಏಟಿಗೆ ಒಂದೂವರೆ ಸುತ್ತು ತಿರುಗಿಸಿದೆ. ಲಿಫ್ಟಿನ ನಟ್ಟು ಬಿಗಿಯುವ ಕೈಗೆ ಬಿಗಿ ಬಂದಷ್ಟೂ ಹುಮ್ಮಸ್ಸು. ಟಕ್ ಅಂತ ಸದ್ದು. ಆಮೇಲೆ ಕೀ ಸುಮ್ಮನೆ ಗಿರಗಿರ ತಿರುಗಿತು. ಸರಳಿನ ತುದಿಯ ತಿರುಪು ಪೂರ್ತಿ ಕಿತ್ತುಹೋಗಿದೆ. ತಂತಿ ಕಟ್ಟಿದರೆ ನೆಕ್ಕು ಬಿಲ್ಲು. ಎತ್ತರ ಐದು ಮಿಲಿಮೀಟರ್.

ಮೇ 26, ಸೋಮವಾರ

ತಾತ ಕನ್ನಡಕ ಹಣೆಗೇರಿಸಿ ನೆಕ್ಕನ್ನು ಬಂದೂಕಿನ ಹಾಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದ. "ಇದು ಸೌದೆ," ಅಂದ. ಬೇರೆ ನೆಕ್ಕು? ಕೂರುವ ಜಾಗದ ಅಗಲ ಯಾವುದಕ್ಕೂ ಹೊಂದುವುದಿಲ್ಲ. "ಇದೇ ಕಾರ್ಖಾನೆದು ಇನ್ನೊಂದು ಯಾರ ಹತ್ರಾದ್ರೂ ಇದ್ರೆ ಮಾತ್ರ," ಅಂದ.

ನೆಕ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಮೇ 31, ಶನಿವಾರ

ಎರಡು ನೆಕ್ಕು, ಒಂದೊಂದಕ್ಕೆ ನಾಲ್ಕು ಸ್ಕ್ರೂ. ಅಷ್ಟೇ ಕೆಲಸ.

ಜೂನ್ 16, ಸೋಮವಾರ

ನಿನ್ನೆಯ ಸಭಾಂಗಣದ ಬಗ್ಗೆ ಬರೆಯದಿದ್ದರೆ ಈ ಡೈರಿ ಯಾಕೆ ಬೇಕು?

ಸಾವಿರ ಕುರ್ಚಿ, ಒಂದೂ ಖಾಲಿ ಇರಲಿಲ್ಲ. ಮೊದಲ ಹಾಡಿಗೇ ಗೊತ್ತಾಯಿತು. ನೆಕ್ಕಿನ ಹಿಂಭಾಗ ಎಷ್ಟು ನುಣುಪು ಅಂದರೆ ಹೆಬ್ಬೆರಳು ಎಲ್ಲಿದೆ ಅಂತ ಯೋಚಿಸಬೇಕಾಗಿಲ್ಲ, ಅದು ಹೋಗುತ್ತದೆ, ಬರುತ್ತದೆ. ಬೆರಳು ಒತ್ತಬೇಕಾಗಿಲ್ಲ, ಮುಟ್ಟಿದರಾಯಿತು. ಮೂರನೇ ಹಾಡಿನಲ್ಲಿ ಡ್ರಮ್ಮರ್ ನನ್ನ ಕಡೆ ನೋಡಿ ನಕ್ಕ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ನೋಡಿ ನಕ್ಕದ್ದು ನಾನು ಕೇಬಲ್ ಎಡವಿ ಬಿದ್ದಾಗ ಮಾತ್ರ. ನಾನು ಓಡಲಿಲ್ಲ. ಕಾದೆ. ಕಾಯುವುದಕ್ಕೆ ಜಾಗವಿತ್ತು. ಬೇಸ್ ನುಡಿಸುವುದು ಅಂದರೆ ಇದು ಅಂತ ನನಗೆ ನಲವತ್ತೈದನೇ ವಯಸ್ಸಿನಲ್ಲಿ ತಿಳಿಯಿತು. ಎಂಥ ಸಿಟ್ಟು ಬಂತೋ ಆ ಕ್ಷಣಕ್ಕೆ. ಇದೇ ವಾದ್ಯ ಅವತ್ತೇ ನನ್ನ ಕೈಗೆ ಬಂದಿದ್ದರೆ ಮೆಕ್ಯಾನಿಕ್ಕು ಅಂತ ಯಾರು ಕರೆಯುತ್ತಿದ್ದರು?

ಮುಗಿದ ಮೇಲೆ ಗಾಯಕ ಭುಜದ ಮೇಲೆ ಕೈ ಹಾಕಿದ. "ಇನ್ನು ಮುಂದೆ ನೀವೇ ಇರಿ ಸಾರ್," ಅಂದ. ಮೊದಲ ಸಲ 'ಬರೋವರ್ಗೂ' ಅನ್ನಲಿಲ್ಲ.

ನನ್ನ ಬೇಸಿಗೆ ಹೊಸ ಹೆಗಲಪಟ್ಟಿ ಕೊಳ್ಳಬೇಕು, ಹಳೆಯದು ಹರಿದಿದೆ.

ಜುಲೈ 6, ಭಾನುವಾರ

ಅಕ್ಕನ ಫೋನು. ಭಾವ ಎಡಗೈಯಲ್ಲಿ ಲೋಟ ಹಿಡಿದು ನೀರು ಕುಡಿದರಂತೆ. ನಾಲ್ಕೂ ಬೆರಳು ಮಡಚುತ್ತವೆಯಂತೆ. "ಬೇಸ್ ತಂದುಕೊಡು ಅಂತಿದಾರೆ, ಚಿಕ್ಕ ಮಕ್ಕಳು ಆಟದ ಸಾಮಾನಿಗೆ ಹಟ ಮಾಡಿದ ಹಾಗೆ," ಅಂತ ಅಕ್ಕ ಅತ್ತಳು, ನಕ್ಕಳು. ನನಗೂ ಸಂತೋಷವಾಯಿತು. ಆಯಿತು ಅಂತಲೇ ಬರೆಯುತ್ತೇನೆ.

"ಒಂದು ವಾರ ಕೊಡು, ಹೊಸ ತಂತಿ ಹಾಕಿ ತರ್ತೀನಿ," ಅಂದೆ.

ಶನಿವಾರ ಹೋಟೆಲು, ಅದರ ಮುಂದಿನ ಶುಕ್ರವಾರ ರೆಕಾರ್ಡಿಂಗ್. ಈಗ ನೆಕ್ಕು ಬದಲಾಯಿಸಿ ಮತ್ತೆ ಹೊಂದಿಸುವುದು ಆಗದ ಮಾತು. ಭಾವ ಈಗಲೇ ವೇದಿಕೆ ಹತ್ತುವುದಿಲ್ಲವಲ್ಲ. ತೊಡೆಯ ಮೇಲಿಟ್ಟುಕೊಂಡು ಎರಡು ಸ್ವರ ಒತ್ತುತ್ತಾರೆ, ಅಷ್ಟಕ್ಕೆ ಯಾವ ನೆಕ್ಕಾದರೇನು.

ಕಂದು ಬೇಸಿಗೆ ನನ್ನಿಂದಾದದ್ದೆಲ್ಲ ಮಾಡಿದೆ. ತಾತ ಕೊನೆಗೂ ಸುತ್ತಿಕೊಟ್ಟಿದ್ದ ನನ್ನ ಹಳೇ ಪಿಕಪ್ಪನ್ನು ಅದಕ್ಕೆ ಬೆಸೆದೆ. ನೆಕ್ಕಿನ ಬುಡಕ್ಕೆ ತಗಡಿನ ಚೂರು ಇಟ್ಟು ಓರೆ ಮಾಡಿದೆ. ಬ್ರಿಜ್ಜಿನ ಮೇಲೆ ತಂತಿ ಕೂರುವ ಕಡೆ ತಳಕ್ಕಿಳಿಸಿದೆ. ಇರುವುದರಲ್ಲೇ ತೆಳ್ಳಗಿನ ತಂತಿ ಹಾಕಿದೆ. ನಾಲ್ಕೂವರೆ ಮಿಲಿಮೀಟರಿಗಿಂತ ಕೆಳಗೆ ಬರಲಿಲ್ಲ. ಪೆಟ್ಟಿಗೆಯಲ್ಲಿದ್ದ ಚೀಟಿಗಳನ್ನು ತೆಗೆದೆ, ಭಾವನ ಕಣ್ಣಿಗೆ ಬಿದ್ದು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ.

ಜುಲೈ 13, ಭಾನುವಾರ

ಕೊಟ್ಟು ಬಂದೆ.

ಭಾವ ಕ್ಷೌರ ಮಾಡಿಸಿಕೊಂಡು ಇಸ್ತ್ರಿ ಅಂಗಿ ಹಾಕಿ ಕೂತಿದ್ದರು. ಅಕ್ಕ ಪಟ್ಟಿಯನ್ನು ಅವರ ಹೆಗಲಿಗೆ ಹಾಕಿದಳು. ಬಲಗೈಯಿಂದ ತಂತಿ ಮೀಟಿದರು, ಖಾಲಿ ತಂತಿ ಚೆನ್ನಾಗಿಯೇ ಕೇಳಿತು. ಆಮೇಲೆ ಎಡಗೈಯನ್ನು ನಿಧಾನಕ್ಕೆ ಮೇಲೇರಿಸಿ ನೆಕ್ಕಿಗೆ ತಂದರು. ಬೆರಳುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ನಿಜಕ್ಕೂ ಬಂದವು.

ಮೂರನೇ ಫ್ರೆಟ್ಟಿನಲ್ಲಿ ಒತ್ತಿದರು. ಥಡ್ ಅಂತ ಸತ್ತ ಸದ್ದು. ಮತ್ತೆ ಒತ್ತಿದರು. ಬೆರಳ ತುದಿ ಬೆಳ್ಳಗಾಯಿತು, ತಂತಿ ಮರಕ್ಕೆ ತಾಗಲಿಲ್ಲ. ತೆಳು ತಂತಿಗೆ ಹೋದರು, ಅದೂ ಅಷ್ಟೇ. ಹಣೆಯಲ್ಲಿ ಬೆವರು. ಅಕ್ಕ ಒರೆಸಲು ಹೋದರೆ ತಲೆ ಕೊಡವಿದರು. ಕಾಲು ಗಂಟೆ. ನಾನು ಕುರ್ಚಿಯ ಅಂಚಿನಲ್ಲಿ ಕೂತು ನನ್ನ ಬೂಟು ನೋಡುತ್ತಿದ್ದೆ.

"ತಂತಿ ಎತ್ತರ ಇದ್ಯೇನೋ?" ಅಂದರು. "ಈ ಕಣ್ಣಿಗೆ ಸರಿಯಾಗಿ ಕಾಣಲ್ಲ ನೋಡು."

"ಎರಡು ಮಿಲಿಮೀಟರ್ ಇಟ್ಟಿದೀನಿ ಭಾವ. ನೀವಿಟ್ಟಿದ್ದಷ್ಟೇ."

ಅದು ಬಾಯಿಂದ ಹೇಗೆ ಬಂತು ಅಂತ ಗೊತ್ತಿಲ್ಲ. ಬಂತು.

"ಹಂಗಾದ್ರೆ ಸರಿ. ನೀನು ಅಳತೆ ತಪ್ಪೋನಲ್ಲ," ಅಂದರು. ಮತ್ತೊಂದು ಸಲ ಒತ್ತಿ ನೋಡಿದರು. ಆಮೇಲೆ ಹೆಬ್ಬೆರಳನ್ನು ನೆಕ್ಕಿನ ಹಿಂದೆ ಮೇಲಕ್ಕೂ ಕೆಳಕ್ಕೂ ಎಳೆದರು. "ನನ್ನವಳೇ ನಂಗೆ ಗುರುತು ಸಿಗ್ತಿಲ್ವಲ್ಲೋ. ಯಾರದೋ ಕೈ ಕುಲುಕಿದ ಹಾಗಿದೆ. ಸ್ಪರ್ಶ ಮೋಸ ಮಾಡುತ್ತೆ ಅಂತ ಡಾಕ್ಟ್ರು ಹೇಳಿದ್ರು, ಇಷ್ಟು ಅಂತ ಗೊತ್ತಿರ್ಲಿಲ್ಲ."

"ನಿಧಾನಕ್ಕೆ ಆಗುತ್ತೆ ಭಾವ," ಅಂದೆ.

"ಆಗುತ್ತೆ, ಆಗುತ್ತೆ," ಅಂತ ಅವರು ನನಗೇ ಸಮಾಧಾನ ಹೇಳಿದರು.

ಜುಲೈ 19, ಶನಿವಾರ

ನಿನ್ನೆ ರೆಕಾರ್ಡಿಂಗ್ ಆಯಿತು. ಒಂದೇ ಸಲಕ್ಕೆ ಎಲ್ಲ ಹಾಡೂ ಸರಿಯಾಯಿತು. ಇಂಜಿನಿಯರ್ ನನ್ನ ಬೇಸಿನ ಫೋಟೋ ತೆಗೆದುಕೊಂಡ.

ಜುಲೈ 29, ಮಂಗಳವಾರ

ಅಕ್ಕ ಕೆಲಸದ ಹೊತ್ತಿನಲ್ಲಿ ಫೋನ್ ಮಾಡಿದಳು. ನಾನು ಲಿಫ್ಟಿನ ಗುಂಡಿಯೊಳಗಿದ್ದೆ. ವ್ಯಾಯಾಮ ಮಾಡಿಸುವ ನರ್ಸು ಯಂತ್ರ ಇಟ್ಟು ಹಿಡಿತ ಅಳೆದಳಂತೆ. ಹೋದ ತಿಂಗಳಿಗಿಂತ ಎರಡರಷ್ಟು. "ಇಷ್ಟು ಬಲ ಇದ್ರೆ ತಂತಿ ಒತ್ತೋಕೆ ಆಗ್ಲೇಬೇಕು ಅಂತಾಳೆ ಅವಳು. ಇವ್ರು ದಿನಾ ಕೂತು ಒತ್ತಿ ಒತ್ತಿ ಬೆರಳಲ್ಲಿ ರಕ್ತ ಬರಿಸ್ಕೋತಾರೆ, ಸ್ವರ ಬರಲ್ಲ. ನೀನೊಂದ್ಸಲ ಆ ವಾದ್ಯ ನೋಡೋ."

"ವಾದ್ಯದಲ್ಲಿ ಏನಿಲ್ಲ ಅಕ್ಕ. ಚೆಂಡು ಅಮುಕೋದೇ ಬೇರೆ, ತಂತಿ ಒತ್ತೋದೇ ಬೇರೆ."

"ಹೋಗ್ಲಿ, ನಿಂದು ಒಂದಿನ ತಂದು ಅವರ ಕೈಗೆ ಕೊಡು. ಅದಾದ್ರೂ ಬರುತ್ತೇನೋ."

"ನಂದು ಇನ್ನೂ ಎತ್ತರ ಅಕ್ಕ," ಅಂದೆ.

ಮೇಲಿಂದ ಯಾರೋ ಕೂಗಿದರು, ಫೋನ್ ಇಟ್ಟೆ. ಯಾವ ಹೊತ್ತಿಗೆ ಫೋನ್ ಮಾಡಬೇಕು ಅನ್ನುವುದೂ ಅಕ್ಕನಿಗೆ ತಿಳಿಯುವುದಿಲ್ಲ. ಆಗಸ್ಟ್ ಎರಡನೇ ವಾರ ಕಾರ್ಯಕ್ರಮ ಕಡಿಮೆ. ಆಗ ಎರಡನ್ನೂ ಬಿಚ್ಚಿ ಸರಿ ಮಾಡುತ್ತೇನೆ.

ಆಗಸ್ಟ್ 13, ಬುಧವಾರ

ಗಾಯಕ ಇನ್ನೂ ಎರಡು ಕಾರ್ಯಕ್ರಮ ಒಪ್ಪಿಕೊಂಡಿದ್ದಾನೆ.

ಆಗಸ್ಟ್ 24, ಭಾನುವಾರ

ಭಾವ ಬೇಸನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿಸಿದ್ದಾರೆ. ಚೆಂಡು, ಬಟಾಣಿ, ಕ್ಲಿಪ್ಪು ಎಲ್ಲ ಮೇಜಿನಿಂದ ಹೋಗಿವೆ. ನರ್ಸಿಗೆ ಬರಬೇಡ ಅಂದರಂತೆ. ಅಕ್ಕ ಎಷ್ಟು ಹೇಳಿದರೂ ಒಂದೇ ಮಾತು: "ನುಡಿಸೋಕೆ ಬರದ ಕೈಲಿ ಬಟಾಣಿ ಹೆಕ್ಕಿ ಏನು ಮಾಡ್ಲಿ?"

ಟೀವಿ ನೋಡುತ್ತಾ ಕೂತಿದ್ದರು. ಎಡಗೈ ಅಂಗಿಯ ಜೇಬಿನಲ್ಲಿತ್ತು. ನನ್ನನ್ನು ಮೆಕ್ಯಾನಿಕ್ಕು ಅನ್ನಲಿಲ್ಲ, ತಪ್ಪು ಹುಡುಕಲಿಲ್ಲ. "ಚೆನ್ನಾಗಿ ನುಡಿಸ್ತಿದೀಯಂತೆ. ರೆಕಾರ್ಡಿಂಗ್ ಕೇಳ್ದೆ. ಓಡಿಲ್ಲ ನೀನು," ಅಂದರು. ಇಪ್ಪತ್ತೆರಡು ವರ್ಷ ಕಾದ ಮಾತು. ಸಿಕ್ಕಿತು, ಆದರೆ ಖುಷಿ ಯಾಕೋ ಒಳಗಿಳಿಯಲಿಲ್ಲ. ಅವರೇ ಹಾಗೆ ಸೋತು ಕೂತರೆ ಯಾರು ಏನು ಮಾಡುವುದಕ್ಕಾಗುತ್ತದೆ? ಮನಸ್ಸು ಗಟ್ಟಿ ಇರಬೇಕಿತ್ತು.

ಅಕ್ಟೋಬರ್ 19, ಭಾನುವಾರ

ನಿನ್ನೆ ಸಂಜೆಯ ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ನನ್ನ ಆಂಪ್ಲಿಫೈಯರ್ ಕೆಟ್ಟಿತ್ತು, ಭಾವನದು ಸುಮ್ಮನೆ ಬಿದ್ದಿದೆ, ತಗೊಂಡು ಹೋಗು ಅಂತ ಭಾವನೇ ಹೇಳಿ ಕಳಿಸಿದ್ದರು. ಬೇಸನ್ನು ಬಿಸಿಲಿಗೆ ಕಾರಿನಲ್ಲಿ ಬಿಡಬಾರದು ಅಂತ ಹೆಗಲಿಗೆ ಹಾಕಿಕೊಂಡೇ ಒಳಗೆ ಹೋದೆ. ಈಗ ನಾನು ಅದನ್ನು ಬಿಸಿಲಿಗೆ ಬಿಡುವುದಿಲ್ಲ.

ಆಂಪ್ಲಿಫೈಯರಿನ ವೈರು ಸುತ್ತಲು ಎರಡು ಕೈ ಬೇಕಿತ್ತು. ಬೇಸನ್ನು ಚೀಲದಿಂದ ತೆಗೆದು ಸೋಫಾಗೆ ಒರಗಿಸಿದೆ, ಚೀಲದ ತಳದಲ್ಲಿದ್ದ ಕೇಬಲ್ ಬೇಕಿತ್ತು. ತಿರುಗಿ ನೋಡಿದರೆ ಭಾವ ಅದನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಬಲಗೈಗೆ ಏನೂ ಆಗಿಲ್ಲ ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಅಂಗೈಯನ್ನು ನೆಕ್ಕಿನ ಹಿಂಭಾಗದ ಮೇಲೆ ಮೇಲಿನಿಂದ ಕೆಳಗೆ ಒಂದು ಸಲ ತಂದರು. ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ. ಹೆಬ್ಬೆರಳು ಒಂದು ಕಡೆ ನಿಂತಿತು. ಆ ಮರವನ್ನು ಆರು ತಿಂಗಳು ಉಜ್ಜಿದ ಕೈ ಅದು.

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ಜೋಡಿಸುತ್ತಿದ್ದಳು. ಭಾವ ನನ್ನ ಮುಖ ನೋಡಲಿಲ್ಲ.

"ಯಾವತ್ತು?" ಅಂದರು.

ಏನು ಅಂತ ಕೇಳಬಹುದಿತ್ತು. ಕೇಳಲಿಲ್ಲ. "ಮೇ ಕೊನೇಲಿ," ಅಂದೆ.

"ನೀನು ನಂಗೆ ತಂದುಕೊಟ್ಟಿದ್ದು ಜುಲೈಲಿ."

"ಹೌದು ಭಾವ. ಬದಲಾಯಿಸೋಣ ಅಂತಲೇ ಇದ್ದೆ. ಕಾರ್ಯಕ್ರಮ ಒಂದರ ಹಿಂದೆ ಒಂದು..."

ಅವರು ಬೇಸನ್ನು ಜೋಪಾನವಾಗಿ ಸೋಫಾಗೆ ಒರಗಿಸಿದರು. ಬಲಗೈಯಿಂದ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆರಳೆಲ್ಲ ಒಳಕ್ಕೆ ಮಡಚಿ ಮುಷ್ಟಿಯಾಗಿದೆ. ಇನ್ನು ಬಿಡಿಸಿದರೂ ಬಿಡಿಸಿಕೊಳ್ಳುವುದಿಲ್ಲ ಅಂತ ಡಾಕ್ಟರು ಹೋದ ವಾರ ಹೇಳಿದ್ದನ್ನು ಅಕ್ಕ ನನಗೆ ಹೇಳಿದ್ದಳು. ಆ ಮುಷ್ಟಿಯನ್ನು ಅವರು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಅವತ್ತು ನನ್ನ ಕೈ ಸರಿಯಾಗೇ ಇತ್ತು," ಅಂದರು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನು ಸರಿಯಾಗಿತ್ತು?"

"ಏನಿಲ್ಲ," ಅಂದರು ಭಾವ. "ಇವನಿಗೆ ಹೊತ್ತಾಯ್ತು. ಆಂಪ್ಲಿಫೈಯರ್ ಭಾರ ಇದೆ, ನೀನೊಂದು ಕಡೆ ಹಿಡ್ಕೋ."

ಅಕ್ಕ ಒಂದು ಕಡೆ ಹಿಡಿದುಕೊಂಡಳು, ನಾನೊಂದು ಕಡೆ. ಕಾರಿನವರೆಗೆ ತಂದು ಹಾಕಿದೆವು. ನಾನು ಹೋಗಿ ಎರಡೂವರೆ ಗಂಟೆ ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ.